ಉಚ್ಚಂಗೆಪ್ಪ ಖಾಲಿ ಎಂದ ಜಾಗ

ಜಮೀನು ಅಳೆಯುವ ಇಲಾಖೆಯ ಕಾಂಪೌಂಡಿಗೆ ಒತ್ತಿಕೊಂಡು ಒಂದು ಟೇಬಲ್ ಹಾಕಿಕೊಂಡು ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕಸುಬು. ದಾವಣಗೆರೆಯಲ್ಲಿ ಈ ಕೆಲಸಕ್ಕೆ ಕೂತು ಮೂವತ್ತು ವರ್ಷದ ಮೇಲಾಯಿತು. ಉಚ್ಚಂಗೆಪ್ಪನ ಪರಿಚಯವೂ ಅಷ್ಟೇ ಹಳೆಯದು. ಅವನು ಅದೇ ಕಚೇರಿಯಲ್ಲಿ ಬಾಂದು ಜವಾನನಾಗಿದ್ದ. ಸರ್ವೆಯವರು ಹೊಲ ಅಳೆಯಲು ಹೊರಟರೆ ಸರಪಳಿ ಹೊತ್ತು ಹಿಂದೆ ನಡೆಯುವುದು, ಅದರ ಒಂದು ತುದಿ ಹಿಡಿದು ಮುಳ್ಳುಬೇಲಿ ನುಗ್ಗುವುದು, ಮಣ್ಣಲ್ಲಿ ಮುಚ್ಚಿಹೋದ, ಗಡಿ ತೋರಿಸುವ ಬಾಂದು ಕಲ್ಲನ್ನು ಹಾರೆಯಿಂದ ಕೆದಕಿ ತೆಗೆಯುವುದು ಅವನ ಕೆಲಸ.

ಕಲ್ಲು ಹುಡುಕುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಒಮ್ಮೆ ಶಾಮನೂರಿನಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಕುಡುಗೋಲು ಹಿಡಿದು ನಿಂತಿದ್ದರು. ಉಚ್ಚಂಗೆಪ್ಪ ಇಬ್ಬರ ಮಧ್ಯೆ ನಡೆದುಹೋಗಿ, ದನದ ಬಾನಿ ಸರಿಸಿ, ಒಂದು ಮೊಳ ಅಗೆದು ಕಲ್ಲು ತೋರಿಸಿದ. ಇಬ್ಬರೂ ಕುಡುಗೋಲು ಕೆಳಗಿಳಿಸಿದರು. ಆ ಮೇಲೆ ಅಣ್ಣ ಅವನ ಹತ್ತಿರ ಬಂದು, "ನಮ್ಮಪ್ಪ ಸಾಯೋ ಮುಂದೆ ಏನು ಹೇಳಿದ್ದ ಅಂತ ಊರಿಗೇ ಗೊತ್ತೈತೆ. ನೀನೂ ಕೇಳಿರ್ತೀಯ. ಸಾಹೇಬ್ರಿಗೆ ಹೇಳು," ಎಂದ. ಉಚ್ಚಂಗೆಪ್ಪ ತಲೆ ಅಲ್ಲಾಡಿಸಿದ. ಕೆಲಸಕ್ಕೆ ಸೇರಿದ ವಾರದಲ್ಲೇ ಅವನ ಮೊದಲ ಸಾಹೇಬರು ಅವನಿಗೊಂದು ಪಾಠ ಹೇಳಿದ್ದರು: ನಕ್ಷೆಯಾಗೆ ಇದ್ದದ್ದು ಹೇಳು, ಇಲ್ಲದ್ದು ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮೂವತ್ನಾಲ್ಕು ವರ್ಷ ಅವನು ಅದನ್ನು ಬಿಡದೆ ಪಾಲಿಸಿದ. ಯಾರ ಹೊಲದಲ್ಲಿ ಯಾರ ತಂಟೆ ಇದೆ, ಯಾವ ಬಾವಿ ಮುಚ್ಚಿದ್ದು ಯಾಕೆ, ಎಲ್ಲಾ ಅವನಿಗೆ ಗೊತ್ತಿತ್ತು. ಯಾವುದನ್ನೂ ಬಾಯಿಬಿಟ್ಟವನಲ್ಲ.

ಅವನ ಮನೆ ಕರೂರು ಕೈಗಾರಿಕಾ ಪ್ರದೇಶದ ಹಿಂದಿನ ಓಣಿಯಲ್ಲಿ. ಅವನ ಅಪ್ಪ ಬಟ್ಟೆ ಮಿಲ್ಲಿನಲ್ಲಿ ದುಡಿಯಲು ಬಂದು ಅಲ್ಲಿ ಗುಡಿಸಲು ಹಾಕಿದವನು. ಆ ಓಣಿಯವರಿಗೆ ಯಾರಿಗೂ ಹೊಲವಿರಲಿಲ್ಲ. ಸತ್ತವರನ್ನು ಹೂಳಲು ಸ್ವಂತದ್ದು ಅಂತ ಒಂದು ಹಿಡಿ ಮಣ್ಣಿರಲಿಲ್ಲ. ಕಾರ್ಖಾನೆಗಳ ಆಚೆಗೆ ಮೂವತ್ತೆಂಟು ಗುಂಟೆಯ ಸರ್ಕಾರಿ ಖರಾಬು ಇತ್ತು. ಉಳುಮೆಗೆ ಬಾರದ ಕಲ್ಲುಭೂಮಿ, ಜಾಲಿಗಿಡ, ಹುಲ್ಲು. ಯಾರನ್ನೂ ಕೇಳದೆ ಅಲ್ಲೇ ಹೂಳುತ್ತಿದ್ದರು. ಕಲ್ಲು ನಿಲ್ಲಿಸಿದರೆ ಯಾರಾದರೂ ಕೇಳಿಯಾರು ಎಂಬ ಅಂಜಿಕೆಗೆ ಕಲ್ಲು ನಿಲ್ಲಿಸುತ್ತಿರಲಿಲ್ಲ. ನಾಯಿ ಕೆದಕದ ಹಾಗೆ ಜಾಲಿಮುಳ್ಳು ಮುಚ್ಚಿ ಬರುತ್ತಿದ್ದರು.

ತೊಂಬತ್ತೇಳನೇ ಇಸವಿಯ ಶ್ರಾವಣದಲ್ಲಿ ಉಚ್ಚಂಗೆಪ್ಪನ ಮಗ ದಿನೇಶ ತೀರಿಕೊಂಡ. ಆರು ವರ್ಷದ ಹುಡುಗ. ಮೆದುಳು ಜ್ವರ ಅಂದರು. ಆಗ ಉಚ್ಚಂಗೆಪ್ಪ ಹರಿಹರದ ಹೊಳೆದಂಡೆಯ ಜಮೀನುಗಳನ್ನು ಅಳೆಯುವ ಕ್ಯಾಂಪಿನಲ್ಲಿದ್ದ. ಸುದ್ದಿ ಮುಟ್ಟಿ, ಬಸ್ಸು ಸಿಕ್ಕಿ, ಅವನು ಓಣಿಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಮಳೆ ಹಿಡಿದದ್ದರಿಂದ ಅಣ್ಣ ಕಲ್ಲಪ್ಪ ಕಾಯದೆ ಮುಗಿಸಿಬಿಟ್ಟಿದ್ದ. ಮಾರನೇ ದಿನ ಅಣ್ಣನ ಜೊತೆ ಹೋಗಿ ಉಚ್ಚಂಗೆಪ್ಪ ಆ ಜಾಗ ನೋಡಿದ. ಎರಡು ದಿನದ ಮಳೆಗೆ ಮಣ್ಣಿನ ಗುಡ್ಡೆ ಆಗಲೇ ಕುಗ್ಗತೊಡಗಿತ್ತು. ಅವನು ಮನೆಗೆ ವಾಪಸ್ಸು ಬಂದು ಟೇಪು ತಗೊಂಡು ಮತ್ತೆ ಹೋದ. ರಸ್ತೆ ಪಕ್ಕದ ಬಾಂದು ಕಲ್ಲಿನಿಂದ ಹಿಂದಿನ ಬಾಂದು ಕಲ್ಲಿನ ಕಡೆಗೆ ಮೂರು ಸರಪಳಿ ಐದು ಆಣೆ. ಅಲ್ಲಿಂದ ಎಡಕ್ಕೆ ಏಳು ಆಣೆ. ಅವರ ಹಳೇ ಲೆಕ್ಕದಲ್ಲಿ ಸರಪಳಿಗೆ ಮೂವತ್ಮೂರು ಅಡಿ, ಹದಿನಾರು ಆಣೆ. ಅಳತೆಯನ್ನು ಅವನು ಎಲ್ಲೂ ಬರೆದಿಡಲಿಲ್ಲ. ಬರೆಯುವುದು ಬೇಕಾಗಲಿಲ್ಲ.

ಹೆಂಡತಿ ದ್ಯಾಮವ್ವ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಒಂದು ಚೀಲ ಮಂಡಕ್ಕಿ, ಒಂದು ತುಂಡು ಬೆಲ್ಲ ತಗೊಂಡು ಅಲ್ಲಿಗೆ ಹೋಗಿ ಬರುತ್ತಿದ್ದಳು. ಆ ಹುಡುಗನಿಗೆ ಮಂಡಕ್ಕಿ ಅಂದರೆ ಜೀವ. ಆಮೇಲೆ ಹುಟ್ಟಿದ ಮಗಳು ಆಶಾರಾಣಿ ದೊಡ್ಡವಳಾದಳು, ನರ್ಸಿಂಗ್ ಓದಿ ಎಂ.ಸಿ.ಸಿ. ಬಡಾವಣೆಯ ಒಂದು ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದಳು. ಓಣಿಯವರಿಗೆ ಬೇರೆ ಕಡೆ ಸ್ಮಶಾನದ ಜಾಗ ಸಿಕ್ಕಿತು. ಖರಾಬಿನಲ್ಲಿ ಹೂಳುವುದು ನಿಂತು ಹನ್ನೆರಡು ವರ್ಷವಾಯಿತು. ಮುಳ್ಳು ಒಣಗಿ ಮಣ್ಣಾಯಿತು, ಅದರ ಮೇಲೆ ಹುಲ್ಲು ಬೆಳೆಯಿತು. ದ್ಯಾಮವ್ವ ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಉಚ್ಚಂಗೆಪ್ಪ ನಿವೃತ್ತನಾಗಿ ನಾಲ್ಕು ವರ್ಷದ ಮೇಲೆ ಊರಿನ ನಕ್ಷೆಯನ್ನು ಹೊಸದಾಗಿ ಮಾಡುವ ಕೆಲಸ ಶುರುವಾಯಿತು. ಸರ್ಕಾರ ಮತ್ತು ಧರಾ ಮ್ಯಾಪಿಂಗ್ ಎಂಬ ಖಾಸಗಿ ಕಂಪನಿ ಸೇರಿ ಮಾಡುವ ಕೆಲಸ. ಡ್ರೋನ್, ಕ್ಯಾಮೆರಾ, ಕಂಪ್ಯೂಟರ್, ಕೆಲಸಗಾರರು ಕಂಪನಿಯ ಕಡೆಯಿಂದ. ಹಳೇ ದಾಖಲೆ, ಹಾರಿಸಲು ಅನುಮತಿ, ಕೊನೆಗೆ ಸಹಿ ಸರ್ಕಾರದ ಕಡೆಯಿಂದ. ಸಿದ್ಧವಾದ ನಕ್ಷೆ ಇಬ್ಬರಿಗೂ ಸೇರಿದ್ದು. ಇಲಾಖೆ ಅದನ್ನು ತನ್ನ ಕೆಲಸಕ್ಕೆ ಬಳಸಬಹುದು, ಕಂಪನಿ ಅದನ್ನು ಬೇಕಾದವರಿಗೆ ಮಾರಬಹುದು. ಹೀಗೆ ಒಪ್ಪಂದವಾಗಿದೆ ಎಂದು ನನ್ನ ಟೇಬಲ್ಲಿಗೆ ಬರುವ ಜನ ಮಾತಾಡಿಕೊಳ್ಳುತ್ತಿದ್ದರು.

ಎಂ.ಸಿ.ಸಿ. ಬಡಾವಣೆಯ ಒಂದು ಮಹಡಿಯಲ್ಲಿ ಕಂಪನಿಯ ಆಫೀಸಾಯಿತು. ಅಲ್ಲಿನ ಫೀಲ್ಡ್ ಸೂಪರ್‌ವೈಸರ್ ಹರಿಹರದ ಯಶೋದಾ. ಮೂವತ್ತೆರಡರ ವಯಸ್ಸು, ಸಿವಿಲ್ ಡಿಪ್ಲೊಮಾ ಮಾಡಿದವಳು. ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಮನೆ ಅವಳ ಹೆಗಲಿಗೆ ಬಿದ್ದಿತ್ತು. ದಿನಾ ಬೆಳಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲೇ ಹೋಗುವಳು. ಡ್ರೋನ್ ಮೇಲಿನಿಂದ ಎಷ್ಟೇ ಚೆನ್ನಾಗಿ ತೆಗೆದರೂ ಹಳೇ ನಕ್ಷೆಗೆ ಅದನ್ನು ಹೊಂದಿಸಲು ಬಾಂದು ಕಲ್ಲುಗಳು ಬೇಕು. ಅವು ಎಲ್ಲಿವೆ ಎಂದು ಕೇಳಿದರೆ ಕಚೇರಿಯಲ್ಲಿ ಎಲ್ಲರೂ ಒಂದೇ ಹೆಸರು ಹೇಳಿದರು. ಹಾಗೆ ಉಚ್ಚಂಗೆಪ್ಪನಿಗೆ ಕಂಪನಿಯ ದಿನಗೂಲಿ ಕೆಲಸ ಸಿಕ್ಕಿತು, ಕುತ್ತಿಗೆಗೆ ಫೋಟೊ ಇರುವ ಕಾರ್ಡು, ಮೈಮೇಲೆ ಕಿತ್ತಳೆ ಬಣ್ಣದ ಜಾಕೀಟು.

ಆ ದಿನಗಳಲ್ಲಿ ಅವನು ನನ್ನ ಟೇಬಲ್ಲಿನ ಹತ್ತಿರ ಬಂದು ಕೂತರೆ ಮಾತೇ ಮಾತು. "ಅಜ್ಜಪ್ಪ, ಆ ಹುಡುಗಿ ಒಂದು ಡಬ್ಬಿ ಹಾರಿಸ್ತಾಳೆ, ಹತ್ತು ನಿಮಿಷದಾಗೆ ಒಂದು ಕೇರಿ ಮುಗೀತೈತೆ. ನಮ್ಮ ಕಾಲದಾಗೆ ಹದಿನೈದು ದಿನ ಬೇಕಿತ್ತು," ಎನ್ನುತ್ತಿದ್ದ. ಕಲ್ಲಿನ ಪಕ್ಕ ಸುಣ್ಣದಲ್ಲಿ ದೊಡ್ಡ ಗುರುತು ಹಾಕುವುದು ಅವನ ಕೆಲಸ. ಆಕಾಶದಿಂದ ಅದು ಕಾಣಬೇಕು. ಯಶೋದಾ ಅವನನ್ನು ಉಚ್ಚಂಗೆಪ್ಪಾರೆ ಎಂದು ಕರೆಯುತ್ತಿದ್ದಳು, ತಾನು ತಂದ ಚಪಾತಿಯಲ್ಲಿ ಒಂದನ್ನು ಅವನಿಗೆ ಕೊಡುತ್ತಿದ್ದಳು. ಇಷ್ಟು ವರ್ಷ ಯಾವ ಸಾಹೇಬರೂ ಅವನ ಜೊತೆ ಕೂತು ಉಂಡಿರಲಿಲ್ಲ.

ಇಪ್ಪತ್ಮೂರನೇ ಇಸವಿಯ ಫೆಬ್ರವರಿಯಲ್ಲಿ ಅವರು ಖರಾಬಿಗೆ ಬಂದರು. ಉಚ್ಚಂಗೆಪ್ಪ ರಸ್ತೆ ಪಕ್ಕದ ಕಲ್ಲು ತೋರಿಸಿದ, ಹಿಂದಿನ ಕಲ್ಲು ತೋರಿಸಿದ, ಸುಣ್ಣ ಹಾಕಿದ. ಡ್ರೋನ್ ಹಾರಿ ಇಳಿಯಿತು. ಯಶೋದಾ ಟ್ಯಾಬ್ ತೆಗೆದು ನಮೂನೆ ತುಂಬತೊಡಗಿದಳು. ಪ್ರತಿ ಜಾಗಕ್ಕೂ ಅದು ಏನು ಎಂದು ಆರಿಸಬೇಕಿತ್ತು. ಮನೆ, ಅಂಗಡಿ, ಕಾರ್ಖಾನೆ, ಹೊಲ, ಗುಡಿ, ಸ್ಮಶಾನ, ಖಾಲಿ ಎಂದು ಪಟ್ಟಿ ಇತ್ತು.

"ಇಲ್ಲೇನೈತ್ರಿ ಉಚ್ಚಂಗೆಪ್ಪಾರೆ?"

"ಖರಾಬು, ಮೇಡಂ."

"ಅದು ದಾಖಲೆಯಾಗೈತೆ. ಜನ ಏನಕ್ಕಾದ್ರೂ ಬಳಸ್ತಾರಾ?"

ಅವನು ಹುಲ್ಲಿನ ಕಡೆ ನೋಡಿದ. ನನಗೆ ಆಮೇಲೆ ಹೇಳಿದ್ದಿಷ್ಟು: ಬಾಯಿಗೆ ಬಂದಿತ್ತು, ಆದರೆ ಹೊರಗೆ ಬರಲಿಲ್ಲ. ನಕ್ಷೆಯಲ್ಲಿ ಅಲ್ಲಿ ಸ್ಮಶಾನ ಇರಲಿಲ್ಲ. ಸರ್ಕಾರಿ ಜಾಗದಲ್ಲಿ ಕೇಳದೆ ಹೂತದ್ದು ತಪ್ಪು, ಆಗ ತಾನು ಸರ್ಕಾರಿ ನೌಕರ. ಓಣಿಯವರನ್ನೆಲ್ಲ ಕರೆಸಿ ವಿಚಾರಿಸುತ್ತಾರೇನೋ, ಇಪ್ಪತ್ತೈದು ವರ್ಷದ ಮೇಲೆ ಅದೆಲ್ಲ ಮತ್ತೆ ಯಾಕೆ. ಮತ್ತು ಆ ಹೆಣ್ಣುಮಗಳ ಮುಂದೆ ನಿಂತು ಮಗನ ಹೆಸರು ಹೇಳಬೇಕಲ್ಲ.

"ಇಲ್ಲ ಮೇಡಂ. ಖಾಲಿ," ಎಂದ.

ಯಶೋದಾ ಖಾಲಿ ಎಂದು ಒತ್ತಿದಳು. ಸ್ಥಳೀಯ ಸಾಕ್ಷಿಯ ಸಹಿಗೆ ಟ್ಯಾಬನ್ನು ಅವನ ಕಡೆ ತಿರುಗಿಸಿದಳು. ಅವನು ಗಾಜಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದ. ಇಬ್ಬರೂ ಮುಂದಿನ ಜಾಗಕ್ಕೆ ಹೋದರು.

ಕೆಲಸ ಮುಗಿಯಿತು. ನಕ್ಷೆಯ ಕರಡನ್ನು ವೆಬ್‌ಸೈಟಿಗೆ ಹಾಕಿದರು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಬೇಕು ಎಂಬ ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ನಾನು ದಿನಾ ಆ ಬೋರ್ಡಿನ ಮುಂದೆಯೇ ಹಾದುಹೋಗುತ್ತಿದ್ದೆ. ನಾನೂ ಓದಲಿಲ್ಲ. ಮೂವತ್ತು ದಿನ ಕಳೆದವು. ಊರಲ್ಲಿ ಎಲ್ಲೆಲ್ಲಿ ಸರ್ಕಾರದ ಖಾಲಿ ಜಾಗ ಇದೆ ಎಂಬುದು ಈಗ ಒಂದು ಗುಂಡಿ ಒತ್ತಿದರೆ ಬಣ್ಣ ಬಣ್ಣವಾಗಿ ಕಾಣುತ್ತಿತ್ತು. ಲಾರಿ ಸರಕಿನ ಗೋದಾಮಿಗೆ ಜಾಗ ಹುಡುಕುತ್ತಿದ್ದವರಿಗೆ ಕಾರ್ಖಾನೆಗಳ ಬೆನ್ನಿನ ಮೂವತ್ತೆಂಟು ಗುಂಟೆ ಕಂಡಿತು. ಅರ್ಜಿ ಹಾಕಿದರು, ಮಂಜೂರಾಯಿತು. ಅದರಲ್ಲಿ ಯಾರೂ ಕಾನೂನು ಮೀರಲಿಲ್ಲ.

ಇಪ್ಪತ್ನಾಲ್ಕರ ಮಹಾಲಯ ಅಮಾವಾಸ್ಯೆಗೆ ದ್ಯಾಮವ್ವ ಮಂಡಕ್ಕಿ ಚೀಲ ಹಿಡಿದು ಹೋದಳು. ಜಾಗಕ್ಕೆ ತಂತಿಬೇಲಿ ಬಿದ್ದಿತ್ತು, ಒಂದು ಬೋರ್ಡು ನಿಂತಿತ್ತು. ಆಕೆಗೆ ಓದಲು ಬಾರದು. ಪಾಳಿ ಮುಗಿಸಿ ಹೋಗುತ್ತಿದ್ದ ಕಾರ್ಖಾನೆಯ ಒಬ್ಬನನ್ನು ನಿಲ್ಲಿಸಿ ಓದಿಸಿದಳು. ಅವನು ಓದಿ, "ಗೋದಾಮು ಆಗ್ತೈತಂತೆ ಅಮ್ಮ. ಹೊಸ ನಕ್ಷೆಯಾಗೆ ಖಾಲಿ ಜಾಗ ಅಂತ ಇತ್ತಂತೆ," ಎಂದ.

ಆಕೆ ಮನೆಗೆ ಬಂದಾಗ ಉಚ್ಚಂಗೆಪ್ಪ ಜಗಲಿಯ ಮೇಲೆ ಕೂತಿದ್ದ. ಆಶಾರಾಣಿ ಕೆಲಸಕ್ಕೆ ಹೊರಟಿದ್ದವಳು ಅಲ್ಲೇ ನಿಂತಳು.

"ಆ ಜಾಗಕ್ಕೆ ಡಬ್ಬಿ ಹಾರ್ಸೋಕೆ ಬಂದಾಗ ನೀವೂ ಇದ್ರಾ?" ದ್ಯಾಮವ್ವ ಕೇಳಿದಳು.

"ಇದ್ದೆ."

"ಇಲ್ಲೇನೈತೆ ಅಂತ ಅವರು ಕೇಳ್ಲಿಲ್ವಾ?"

"ಕೇಳಿದ್ರು."

"ನೀವೇನಂದ್ರಿ?"

"ಖಾಲಿ ಅಂದೆ."

ದ್ಯಾಮವ್ವ ಅಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಮಂಡಕ್ಕಿಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. "ನಿಮ್ಮಪ್ಪಂಗೆ ಉಣ್ಣೋಕೆ ಬಾ ಅನ್ನು," ಎಂದು ಮಗಳಿಗೆ ಹೇಳುವಳು. ಆಶಾರಾಣಿ ಇಲ್ಲದ ಹೊತ್ತಿನಲ್ಲಿ ತಟ್ಟೆಯನ್ನು ನೆಲದ ಮೇಲಿಟ್ಟು ಒಳಗೆ ಹೋಗುವಳು.

ಮಾರನೇ ದಿನ ಉಚ್ಚಂಗೆಪ್ಪ ಕಂಪನಿಯ ಆಫೀಸಿಗೆ ಹೋದ. ಮ್ಯಾನೇಜರ್ ಕೂರಿಸಿ ನೀರು ಕೊಟ್ಟ, ಎಲ್ಲಾ ಕೇಳಿಸಿಕೊಂಡ. "ಯಜಮಾನ್ರೆ, ನಾವು ನಕ್ಷೆ ಮಾಡಿ ಇಲಾಖೆಗೆ ಒಪ್ಪಿಸಿಯಾಯ್ತು. ಇನ್ನು ಒಂದು ಗೆರೆ ತಿದ್ದೋಕೂ ನಮಗೆ ಹಕ್ಕಿಲ್ಲ. ಅಲ್ಲೇ ಕೇಳ್ರಿ," ಎಂದ. ಇಲಾಖೆಯಲ್ಲಿ ಅವನ ಹಳೇ ಸಾಹೇಬರ ಕುರ್ಚಿಯಲ್ಲಿ ಈಗ ಒಬ್ಬ ಎಳೆ ವಯಸ್ಸಿನ ಅಧಿಕಾರಿ. ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನೋಡ್ರಿ, ನಮಗೆ ನೋಡೋಕಷ್ಟೆ ಬರ್ತೈತೆ. ತಿದ್ದಬೇಕಂದ್ರೆ ಕಂಪನಿ ಸರ್ವರ್‌ನಾಗೇ ತಿದ್ದಬೇಕು. ಅವರು ಕಳಿಸಲಿ, ನಾನು ಸಹಿ ಹಾಕ್ತೀನಿ." ಪರದೆಯ ಕೆಳಗಿನ ಸಾಲು ತೋರಿಸಿ, "ಸಾಕ್ಷಿ ಅಂತ ನಿಮ್ಮ ಹೆಸರೇ ಐತಲ್ರಿ," ಎಂದರು. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಅದರಿಂದಲೇ ಇನ್ನೂ ನೋವಾಯಿತು ಎಂದು ಉಚ್ಚಂಗೆಪ್ಪ ನನಗೆ ಹೇಳಿದ.

ಎರಡು ವಾರ ಅವನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗಿದ. ಒಂದು ಮಧ್ಯಾಹ್ನ ಕಂಪನಿಯ ಮೆಟ್ಟಿಲ ಮೇಲೆ ಕೂತಿದ್ದವನನ್ನು ಯಶೋದಾ ನೋಡಿದಳು. ಬೇರೆ ಊರಿನ ಕೆಲಸದಿಂದ ಅಂದೇ ವಾಪಸ್ಸು ಬಂದಿದ್ದಳು.

"ಉಚ್ಚಂಗೆಪ್ಪಾರೆ, ಯಾಕ ಇಲ್ಲಿ ಕೂತೀರಿ?"

ಅವನು ಹೇಳಿದ. ಈ ಸಲ ಎಲ್ಲವನ್ನೂ ಹೇಳಿದ. ಶ್ರಾವಣದ ಮಳೆ, ಹರಿಹರದ ಬಸ್ಸು, ಮಂಡಕ್ಕಿ. ಯಶೋದಾ ಗೋಡೆಗೆ ಒರಗಿ ನಿಂತು ಕೇಳಿದಳು. "ಅವತ್ತು ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ರಿ," ಎಂದಳು. ಆಮೇಲೆ ಅವನನ್ನು ಒಳಗೆ ಕರೆದುಕೊಂಡು ಹೋದಳು.

ನಕ್ಷೆಯಲ್ಲಿ ಬರೀ ಗೆರೆ, ಬಣ್ಣ. ಆದರೆ ಫೆಬ್ರವರಿಯಲ್ಲಿ ತೆಗೆದ ಮೂಲ ಚಿತ್ರಗಳು ಇನ್ನೂ ಇದ್ದವು. ಆಕೆ ಅವನ್ನು ತೆರೆದು ದೊಡ್ಡದು ಮಾಡಿದಳು. ಹುಲ್ಲು ಒಣಗಿದ್ದ ಕಾಲ. ನೆಲದ ಮೇಲೆ ನಿಂತು ನೋಡಿದಾಗ ಏನೂ ಕಾಣದ ಜಾಗ ಆಕಾಶದಿಂದ ನೋಡಿದಾಗ ಬೇರೆಯೇ ಇತ್ತು. ನೆಲ ಕುಗ್ಗಿದ ಉದ್ದನೆಯ ಗುರುತುಗಳು, ಎಲ್ಲವೂ ಒಂದೇ ದಿಕ್ಕಿಗೆ ತಲೆ ಮಾಡಿದವು. ಯಶೋದಾ ಎಣಿಸಿದಳು. ಇಪ್ಪತ್ತೆರಡು.

"ಅಳತೆ ಹೇಳ್ರಿ," ಎಂದಳು. ಅವನು ಹೇಳಿದ ಸರಪಳಿ, ಆಣೆಯನ್ನು ಅಡಿಗೆ ಇಳಿಸಿ, ಪರದೆಯ ಮೇಲೆ ಕಲ್ಲಿನಿಂದ ಕಲ್ಲಿಗೆ ಒಂದು ಗೆರೆ ಎಳೆದು, ಅಲ್ಲಿಂದ ಎಡಕ್ಕೆ ಇನ್ನೊಂದು ಗೆರೆ ಎಳೆದಳು. ಗೆರೆಯ ತುದಿಯಲ್ಲಿ ಒಂದು ಚಿಕ್ಕ ಗುರುತಿತ್ತು. ಉಳಿದವುಗಳ ಅರ್ಧದಷ್ಟು ಉದ್ದ. ಅಷ್ಟು ಜಾಗದ ಹುಲ್ಲು ಪಕ್ಕದ ಹುಲ್ಲಿಗಿಂತ ಒಂಚೂರು ಬೆಳ್ಳಗಿತ್ತು. ಉಚ್ಚಂಗೆಪ್ಪ ಬೆರಳು ಚಾಚಿ ಅದನ್ನು ಮುಟ್ಟಿದ. ಮುಟ್ಟಿದ್ದಕ್ಕೆ ಚಿತ್ರ ಸರಿದು ಬೇರೆಲ್ಲಿಗೋ ಹೋಯಿತು. ಯಶೋದಾ ಅದನ್ನು ಮತ್ತೆ ಅದೇ ಜಾಗಕ್ಕೆ ತಂದು, "ಮುಟ್ಟಬ್ಯಾಡ್ರಿ, ಹಂಗೇ ನೋಡ್ರಿ," ಎಂದಳು. ಅವನು ನೋಡುತ್ತ ಕೂತ. ಆಕೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಆ ಚಿತ್ರಗಳನ್ನು ಆಫೀಸಿನ ಹೊರಗೆ ಕೊಡುವಂತಿರಲಿಲ್ಲ. ಅವು ಕಂಪನಿಯ ಸ್ವತ್ತು, ಕೆಲಸಕ್ಕೆ ಸೇರುವಾಗಲೇ ಆಕೆಯಿಂದ ಬರೆಸಿಕೊಂಡಿದ್ದರು. ಮ್ಯಾನೇಜರನ್ನು ಎರಡು ಸಲ ಕೇಳಿದಳು. ಬೆಂಗಳೂರಿನ ಹೆಡ್ಡಾಫೀಸಿಗೆ ಬರೆದು ನೋಡೋಣ ಎಂದ. ಅಷ್ಟರಲ್ಲಿ ಖರಾಬಿಗೆ ಜೆಸಿಬಿ ಬಂದು ಇಳಿಯಿತು. ಯಶೋದಾ ಚಿತ್ರವನ್ನು ಪ್ರಿಂಟ್ ಹಾಕಿ, ಮಡಚಿ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ನನ್ನ ಟೇಬಲ್ಲಿಗೆ ಬಂದಳು. ಜೊತೆಗೆ ತನ್ನ ಕೈಯಲ್ಲೇ ಬರೆದ ಒಂದು ಹೇಳಿಕೆ ತಂದಿದ್ದಳು. ಸ್ಥಳದಲ್ಲಿ ಸರಿಯಾಗಿ ವಿಚಾರಿಸದೆ ಖಾಲಿ ಎಂದು ಗುರುತು ಹಾಕಿದ್ದು ತನ್ನ ತಪ್ಪು ಎಂದಿತ್ತು. ಉಚ್ಚಂಗೆಪ್ಪನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ನಾನು ಅದನ್ನು ಅವನಿಗೆ ಓದಿ ಹೇಳಿದೆ. ಅವನು, "ನಂದೂ ಒಂದು ಟೈಪ್ ಮಾಡು ಅಜ್ಜಪ್ಪ. ಸಾಕ್ಷಿ ನಾನು, ಗೊತ್ತಿದ್ದೂ ಸುಳ್ಳು ಹೇಳ್ದೆ ಅಂತ ಹಾಕು," ಎಂದ.

"ನಿನ್ನ ಪೆನ್ಷನ್ನಿಗೆ ಕುತ್ತು ಬಂದ್ರೆ?"

"ಹಾಕು."

ನಾನು ಟೈಪ್ ಮಾಡಿದೆ. ನಕ್ಷೆ ತಿದ್ದಬೇಕೆಂಬ ಅರ್ಜಿಗೆ ಓಣಿಯ ಹದಿನಾರು ಮನೆಯವರು ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ಅಧಿಕಾರಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅದರ ಮೂಲೆಯಲ್ಲಿ ಕಂಪನಿಯ ಮುದ್ರೆ ಇತ್ತು. ಇದು ನಿಮಗೆ ಹೇಗೆ ಸಿಕ್ಕಿತು ಎಂದು ಅವರು ಕೇಳಲಿಲ್ಲ. ಆದರೆ ಅದರ ಒಂದು ಪ್ರತಿ ಕಡತದ ಜೊತೆ ಕಂಪನಿಗೂ ಹೋಗಲೇಬೇಕಿತ್ತು. ಹೋದ ದಿನವೇ ಯಶೋದಾಳನ್ನು ಕೆಲಸದಿಂದ ತೆಗೆದು ಕಾರ್ಡು ಕಿತ್ತುಕೊಂಡರು. ಜಂಟಿ ಸ್ಥಳ ಪರಿಶೀಲನೆಗೆ ಆದೇಶವಾಯಿತು. ಕಂಪನಿಯವರು, ಇಲಾಖೆಯವರು, ಗೋದಾಮಿನವರು, ಮೂವರಿಗೂ ಆಗಿಬರುವ ದಿನ ಗೊತ್ತುಮಾಡಲು ಇನ್ನೂ ಹನ್ನೊಂದು ದಿನ ಹಿಡಿಯಿತು. ಅಲ್ಲಿಯ ತನಕ ಜೆಸಿಬಿ ನಿಲ್ಲಿಸಿ ಎಂದು ಯಾರೂ ಬರೆಯಲಿಲ್ಲ.

ಪರಿಶೀಲನೆಯ ದಿನ ನಾನೂ ಹೋಗಿದ್ದೆ. ಓಣಿಯ ಜನ ಬೇಲಿಯ ಹೊರಗೆ ನಿಂತಿದ್ದರು. ದ್ಯಾಮವ್ವ ಮಗಳ ಕೈ ಹಿಡಿದಿದ್ದಳು. ರಸ್ತೆ ಕಡೆಯಿಂದ ಇಪ್ಪತ್ತೇಳು ಗುಂಟೆ ಸಮತಟ್ಟಾಗಿ ಕೆಂಪು ಮೊರಂ ಗರಸು ಹಾಸಿಯಾಗಿತ್ತು. ಹಿಂದಿನ ಹನ್ನೊಂದು ಗುಂಟೆ ಮಾತ್ರ ಹುಲ್ಲಿನ ಸಮೇತ ಹಾಗೇ ಇತ್ತು. ಉಚ್ಚಂಗೆಪ್ಪ ತನ್ನ ಟೇಪು ತಂದಿದ್ದ. ರಸ್ತೆ ಪಕ್ಕಕ್ಕೆ ಹೋಗಿ ನೋಡಿದರೆ ಬಾಂದು ಕಲ್ಲೇ ಇರಲಿಲ್ಲ. ಮಣ್ಣು ತಳ್ಳುವಾಗ ಅದೂ ಹೋಗಿತ್ತು. ಟೇಪಿನ ತುದಿ ಕೈಯಲ್ಲಿ ಹಿಡಿದು ಅವನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಿಂತುಬಿಟ್ಟ.

ಇಲಾಖೆಯ ಸರ್ವೆಯರ್ ಹತ್ತಿರ ಹೊಸ ಯಂತ್ರವಿತ್ತು. ಚಿತ್ರದಲ್ಲಿ ಆ ಚಿಕ್ಕ ಗುರುತಿನ ಪಕ್ಕ ಅಚ್ಚಾಗಿದ್ದ ಅಂಕೆಗಳನ್ನು ಅದಕ್ಕೆ ಕೊಟ್ಟು ಕೋಲು ಹಿಡಿದು ನಡೆಯುತ್ತ ಹೋದರು. ನಾಲ್ಕು ಹೆಜ್ಜೆ ಮುಂದೆ, ಒಂದು ಹೆಜ್ಜೆ ಎಡಕ್ಕೆ, ಇನ್ನು ಅರ್ಧ. ಯಂತ್ರ ಕೂಗಿತು. ಮೊರಮ್ಮಿನ ಮೇಲೆ ಕೋಲು ಊರಿ, "ಇಲ್ಲೇ ನೋಡ್ರಿ. ಒಂದು ಇಂಚು ಆಚೀಚೆ ಇಲ್ಲ," ಎಂದರು. ಉಚ್ಚಂಗೆಪ್ಪ ಅಲ್ಲಿಗೆ ಹೋಗಿ ನಿಂತ. ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದ. ಎಷ್ಟು ಆಳ ತೆಗೆದಿರಿ ಎಂದು ಅಧಿಕಾರಿ ಗೋದಾಮಿನವರನ್ನು ಕೇಳಿದರು. ಪಾಯಕ್ಕೆ ಗಟ್ಟಿ ನೆಲ ಸಿಗುವ ತನಕ, ಐದಾರು ಅಡಿ ಎಂದರು.

ಆಗ ದೂರದಲ್ಲಿ ನಿಂತಿದ್ದ ಜೆಸಿಬಿಯಿಂದ ಅದರ ಚಾಲಕ ಇಳಿದು ಬಂದ. ಹಯಾತ್ ಸಾಬ್ ಎಂದು ಹೆಸರು, ಗಡ್ಡ ನೆರೆತ ಮನುಷ್ಯ. ಅಧಿಕಾರಿಯ ಹತ್ತಿರ ಹೋಗಲಿಲ್ಲ. ಸೀದಾ ಉಚ್ಚಂಗೆಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತಾಡಿದ.

"ಭಾಯ್, ನಂಗೆ ಯಾರೂ ಹೇಳಿರಲಿಲ್ಲ. ಎರಡನೇ ದಿನ ಬಕೆಟ್‌ನಾಗೆ ಬಂತು. ನಿಲ್ಸಿ ಮಾಲೀಕರಿಗೆ ಫೋನ್ ಹಚ್ಚಿದೆ. ಹಳೇ ದನದ ಎಲುಬು ಇರ್ತಾವೆ, ನಡೆಸು ಅಂದ್ರು. ನಂಗೆ ಗೊತ್ತಾಗಲ್ವಾ ದನದ್ದು ಯಾವುದು, ಮನುಷ್ಯರದು ಯಾವುದು. ಕೈಯಿಂದ ಆರಿಸಿದೆ. ನನ್ನ ಹೆಗಲ ಮ್ಯಾಲಿನ ಬಟ್ಟೆಯಾಗೆ ಕಟ್ಟಿ ಅಲ್ಲಿ ಬೇವಿನ ಗಿಡದ ಬುಡದಾಗೆ ಇಟ್ಟು ಮಣ್ಣು ಮುಚ್ಚೀನಿ. ನಂಗೆ ಬರೋದು ನಮ್ಮ ದುವಾ. ಅದನ್ನೇ ಮಾಡ್ದೆ. ತಪ್ಪು ತಿಳೀಬ್ಯಾಡ್ರಿ."

ಅವನು ಇಳಿದು ಬಂದದ್ದನ್ನು ಕಂಡು ದ್ಯಾಮವ್ವ ಬೇಲಿ ದಾಟಿ ಹತ್ತಿರ ಬಂದಿದ್ದಳು. "ಸಣ್ಣವು ಇದ್ವಾ ಅಪ್ಪಾ?" ಎಂದು ಕೇಳಿದಳು.

ಹಯಾತ್ ಸಾಬ್ ತಲೆ ತಗ್ಗಿಸಿದ. "ಸಣ್ಣವೂ ಇದ್ವು ತಾಯಿ. ದೊಡ್ಡವೂ ಇದ್ವು. ಎಲ್ಲಾ ಕೂಡಿಹೋಗಿದ್ವು. ಬ್ಯಾರೆ ಮಾಡೋಕೆ ನಂಗೆ ತಿಳೀಲಿಲ್ಲ."

ದ್ಯಾಮವ್ವ ಬೇವಿನ ಗಿಡದ ಹತ್ತಿರ ಹೋಗಿ ಕೂತಳು. ಉಚ್ಚಂಗೆಪ್ಪನೂ ಹೋಗಿ ಸ್ವಲ್ಪ ದೂರದಲ್ಲಿ ಕೂತ. ಅಧಿಕಾರಿ ಮಹಜರು ಬರೆಸುತ್ತಿದ್ದರು. ನನ್ನನ್ನೂ ಪಂಚನಾಗಿ ಸಹಿ ಮಾಡಲು ಕರೆದರು. ನಾನು ಸಹಿ ಮಾಡಿ ತಿರುಗಿ ನೋಡಿದಾಗಲೂ ಇಬ್ಬರೂ ಹಾಗೇ ಕೂತಿದ್ದರು. ಬಿಸಿಲು ಏರಿದ ಮೇಲೆ ಆಶಾರಾಣಿ ಬಂದು ಅವ್ವನ ರಟ್ಟೆ ಹಿಡಿದು ಎಬ್ಬಿಸಿದಳು, ಆಮೇಲೆ ಅಪ್ಪನನ್ನು ಎಬ್ಬಿಸಿದಳು.

ಎರಡು ತಿಂಗಳಲ್ಲಿ ತೀರ್ಮಾನವಾಯಿತು. ಸಮತಟ್ಟಾದ ಇಪ್ಪತ್ತೇಳು ಗುಂಟೆ ಗೋದಾಮಿಗೇ ಉಳಿಯಿತು. ಹಿಂದಿನ ಹನ್ನೊಂದು ಗುಂಟೆಯನ್ನು ಬೇರೆ ಮಾಡಿ ಸ್ಮಶಾನ ಎಂದು ದಾಖಲೆ ಮಾಡಿದರು. ಬೇವಿನ ಗಿಡ ಆ ಹನ್ನೊಂದರ ಅಂಚಿಗೆ ಸೇರಿತು. ಇಪ್ಪತ್ತೆರಡರಲ್ಲಿ ಹದಿನಾಲ್ಕು ಗುರುತುಗಳು ಉಳಿದವು. ಆ ಗುರುತುಗಳ ಮನೆಯವರು ಉಚ್ಚಂಗೆಪ್ಪನಿಗೆ ಕೈಮುಗಿದರು. ಒಬ್ಬ ಮುದುಕಿ, "ನಿನ್ನಿಂದ ನಮ್ಮ ಯಜಮಾನ್ರು ಉಳಿದ್ರಪ್ಪಾ," ಎಂದಾಗ ಅವನು ಎದ್ದು ನಡೆದನಂತೆ. ಅವನ ಮೇಲೆ ಯಾವ ಕ್ರಮವೂ ಆಗಲಿಲ್ಲ. ನಿವೃತ್ತನಾದವನು, ಹೋಗಲಿ ಬಿಡಿ ಎಂದು ಅಧಿಕಾರಿ ಕಡತ ಮುಚ್ಚಿದರು.

ಹೊಸ ದಾಖಲೆಯ ಪ್ರತಿ ತಗೊಂಡು ಅವನು ಹರಿಹರಕ್ಕೆ ಹೋದ. ಯಶೋದಾ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಜನರ ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟಿನ ಅರ್ಜಿ ತುಂಬಿಕೊಡುವ ಕೆಲಸ. ಅವನನ್ನು ಕಂಡು ಎದ್ದು ಸ್ಟೂಲು ಕೊಟ್ಟಳು, "ಕೂಡ್ರಿ" ಎಂದಳು. ಪ್ರತಿಯನ್ನು ಬೆಳಕಿಗೆ ಹಿಡಿದು ಓದಿದಳು. ಹನ್ನೊಂದು ಗುಂಟೆಯ ಗಡಿಯ ಮೇಲೆ ಬೆರಳು ಆಡಿಸಿದಳು.

"ಬ್ಯಾರೆ ಕಡೆ ಸರ್ವೆ ಕೆಲಸ ಸಿಗಲಿಲ್ವಾ?" ಅವನು ಕೇಳಿದ.

"ಹಿಂದಿನ ಕಂಪನಿಯಿಂದ ಪತ್ರ ತರ್ರಿ ಅಂತಾರೆ. ಅವರು ಎಲ್ಲಿ ಕೊಡ್ತಾರೆ?"

"ನಂದೇ ತಪ್ಪು. ನಿನಗೆ ಶಿಕ್ಷೆ ಆಯ್ತು, ತಾಯಿ."

ಯಶೋದಾ ಪ್ರತಿಯನ್ನು ಮಡಚಿ ವಾಪಸ್ಸು ಕೊಟ್ಟಳು. "ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗ್ತೈತೆ ಉಚ್ಚಂಗೆಪ್ಪಾರೆ. ಕೆಲವು ದಿನ ಬರ್ತೈತೆ, ಕೆಲವು ದಿನ ಬರಲ್ಲ. ಆದ್ರೆ ಚಿತ್ರ ಕೊಟ್ಟಿದ್ದು ನಾನಾಗೇ ಕೊಟ್ಟಿದ್ದು." ಆಮೇಲೆ ಕೇಳಿದಳು, "ಮನ್ಯಾಗೆ ಅಮ್ಮಾರು ಮಾತಾಡ್ತಾರಾ?"

"ಉಂಡ್ರಾ ಅಂತ ಕೇಳ್ತಾಳೆ. ಅಷ್ಟೇ. ಹೋದ ವಾರದಿಂದ."

ಹುಡುಗಿಯೊಬ್ಬಳು ಆದಾಯ ಪ್ರಮಾಣಪತ್ರದ ಅರ್ಜಿ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಯಶೋದಾ ಎದುರಿನ ಹೋಟೆಲಿಗೆ ಕೈಸನ್ನೆ ಮಾಡಿ ಅವನಿಗೊಂದು ಚಹಾ ಹೇಳಿ, ಕೆಲಸಕ್ಕೆ ಕೂತಳು. ಅವನು ಚಹಾ ಕುಡಿದು, ಆಕೆ ಟೈಪ್ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿ, ದಾವಣಗೆರೆ ಬಸ್ಸು ಹತ್ತಿದ.

ಇದನ್ನೆಲ್ಲ ಅವನು ಮಾರನೇ ಬೆಳಗ್ಗೆ ನನ್ನ ಬೆಂಚಿನ ಮೇಲೆ ಕೂತು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಶಾಮನೂರು ಕಡೆಯ ಒಬ್ಬ ರೈತ ಬದು ತಕರಾರಿನ ಅರ್ಜಿ ಬರೆಸಲು ಬಂದ. ಉಚ್ಚಂಗೆಪ್ಪ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟ. ಹೊರಡುವ ಮುಂದೆ ಆ ರೈತನ ಕಡೆ ತಿರುಗಿ, "ಆ ಹೊಲದಾಗೆ ಬಾವಿ, ಗಿಡ, ಗೋರಿ, ಏನೇನೈತೋ ಎಲ್ಲಾ ಬರೆಸಪ್ಪ. ನಕ್ಷೆಯಾಗೆ ಇಲ್ದಿದ್ರೂ ಬರೆಸು," ಎಂದು ಹೇಳಿ ಹೋದ.